ದೇವರ ಪಾರ್ಟು, ಬಾಡಿಗೆ ಮನೆ

ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದವರನ್ನು ಮೊದಲು ಕೇಳುವುದು ಮನೇಲಿ ಎಷ್ಟು ಜನ ಎಂದಲ್ಲ; ಯಾವೂರು, ಯಾವ ಜನ ಎಂದು. ವಿ.ಸಿ. ಫಾರಂ ಎನ್ನುವ ಕೃಷಿ ಸಂಶೋಧನಾ ಕೇಂದ್ರದ ಬೀಜದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ ಹೊಸದರಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಬೆಸಗರಹಳ್ಳಿ ಹತ್ತಿರದ ಹಳ್ಳಿ, ದಲಿತರ ಕೇರಿ. ಹೇಳಿದ ತಕ್ಷಣ ಮನೆ ಭರ್ತಿಯಾಗಿಬಿಡುತ್ತಿತ್ತು. "ನಿನ್ನೆ ತಾನೆ ಇನ್ನೊಬ್ರು ಅಡ್ವಾನ್ಸ್ ಕೊಟ್ಟೋದ್ರು ಕಣಮ್ಮ" ಎಂದವರ ಗೇಟಿನಲ್ಲಿ ತಿಂಗಳು ಕಳೆದರೂ ಬಾಡಿಗೆ ಬೋರ್ಡು ನೇತಾಡುತ್ತಿರುತ್ತಿತ್ತು.

ಕೊನೆಗೆ ಸಿಕ್ಕ ಮನೆಯ ಯಜಮಾನಿಯಮ್ಮನೂ ಅದನ್ನೇ ಕೇಳಿದರು. ಅವರು ದುದ್ದದ ಕಡೆಯ ದೊಡ್ಡ ಹಿಡುವಳಿಯ ಮನೆತನದ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದರು. ನಾನು ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದೆ. "ಬೆಸಗರಹಳ್ಳಿ ಕಡೆ ಕಣಮ್ಮ. ಅಪ್ಪ ಬೇಸಾಯ" ಎಂದೆ. "ಅಂಗಾರೆ ನಮ್ಮೋರೇ ಬುಡು" ಎಂದು ಬೀಗದ ಕೈ ಕೊಟ್ಟರು. ನಾನು ಸುಮ್ಮನಾದೆ. ಅಪ್ಪನಿಗೆ ಒಂದು ತುಂಡು ಜಮೀನು ಇದ್ದದ್ದು ನಿಜ, ಅದರಲ್ಲಿ ಬೇಸಾಯ ಮಾಡಿದ್ದೂ ನಿಜ. ಇದನ್ನು ಮೋಸ ಎನ್ನುವವರು ಮೊದಲು ಮಗು ಎತ್ತಿಕೊಂಡು ಬೀದಿ ಬೀದಿ ಗೇಟು ತಟ್ಟಿ ಬರಲಿ, ಆಮೇಲೆ ಮಾತಾಡೋಣ.

ಆದರೆ ಹೆದರಿಕೆ ಅಂದಿನಿಂದ ಶುರುವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಕದಿಯದೆಯೇ ನಾನು ದಿನಾ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಅವ್ವ ಊರಿನಿಂದ ಬಂದರೆ ಬಸ್ ಸ್ಟ್ಯಾಂಡಿನಲ್ಲೇ ಕಾಫಿ ಕುಡಿಸಿ, ಮಗಳನ್ನು ತೋರಿಸಿ, ಅಲ್ಲಿಂದಲೇ ವಾಪಸ್ಸು ಬಸ್ಸು ಹತ್ತಿಸುತ್ತಿದ್ದೆ. ಅವ್ವ ಜಾತಿಯ ಮಾತು ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಮೇಲಿನ ಜಾತಿಯವರ ಮನೆ ಮುಂದೆ ಅವಳ ಕಾಲು ತಾನಾಗೇ ನಿಂತುಬಿಡುತ್ತದೆ, ಹೊಸಿಲು ದಾಟುವುದಿಲ್ಲ. ಕುರ್ಚಿ ಕೊಟ್ಟರೆ ಪಕ್ಕದ ನೆಲದ ಮೇಲೆ ಕೂರುತ್ತಾಳೆ. ಗುಟ್ಟು ತಿಳಿಯಲು ಯಜಮಾನಿಯಮ್ಮನಿಗೆ ಅಷ್ಟು ಸಾಕಾಗಿತ್ತು. ಸ್ವಂತ ತಾಯಿಯನ್ನು ಬಸ್ ಸ್ಟ್ಯಾಂಡಿನಿಂದ ಕಳಿಸಿ ಬಂದ ದಿನ ನನಗೆ ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು ಬಂದು, ಪಾತ್ರೆಗಳನ್ನೆಲ್ಲ ಕುಕ್ಕುತ್ತಿದ್ದೆ.

ಯಜಮಾನಿಯಮ್ಮ ಕೆಟ್ಟವರಲ್ಲ, ತೊಂದರೆ ಇದ್ದದ್ದೇ ಅಲ್ಲಿ. ನನ್ನ ಗಂಡನಿಗೆ ಚಾಮರಾಜನಗರದ ಕಡೆ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ನಾನು ಫಾರಂನಿಂದ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಸ್ಕೂಲಿಂದ ಬಂದ ಮಗಳಿಗೆ ಊಟ ಹಾಕುತ್ತಿದ್ದವರು ಅವರು, ಜಡೆ ಹೆಣೆಯುತ್ತಿದ್ದವರು ಅವರು. ಮಗಳು ಅವರ ಅಡುಗೆಮನೆಯಲ್ಲಿ ಒಲೆ ಪಕ್ಕದ ಕಟ್ಟೆಯ ಮೇಲೆ ಕುಳಿತು "ಅಜ್ಜಿ, ಇನ್ನೊಂದು ಮುದ್ದೆ" ಎಂದು ಕೇಳುತ್ತಾ ಆರನೇ ಕ್ಲಾಸಿಗೆ ಬಂದಳು. ಮನೆ ಹೋದರೆ ಇನ್ನೊಂದು ಮನೆ ಹುಡುಕಬಹುದು. ಆ ಕಟ್ಟೆಯಿಂದ ಮಗಳನ್ನು ಇಳಿಸುವ ದಿನ ಬಂದರೆ ಅವಳಿಗೆ ಏನಂತ ಹೇಳುವುದು? ಯಾಕಮ್ಮಾ ಎಂದು ಅವಳು ಕೇಳಿದರೆ ಉತ್ತರ ಇತ್ತು, ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಇಂಥದರಲ್ಲಿ ನಾಟಕಕ್ಕೆ ಯಾಕೆ ಹೋದೆ ಎಂದು ಗಂಡನೂ ಕೇಳಿದ್ದಾರೆ. ಹಾಡುವ ಹುಚ್ಚು ಅಪ್ಪನಿಂದ ಬಂದದ್ದು. ನಮ್ಮ ಕಡೆ ಪೌರಾಣಿಕ ನಾಟಕದ ಪಾರ್ಟು ಗಂಟಲು ನೋಡಿ ಕೊಡುವುದಿಲ್ಲ, ಮನೆತನ ನೋಡಿ ಕೊಡುತ್ತಾರೆ. ರಾಜ, ದೇವರು, ಸೇನಾಪತಿ ಎಲ್ಲ ಮೇಲಿನ ಬೀದಿಯವರಿಗೆ. ನಮ್ಮ ಕೇರಿಯವರು ಪೆಟ್ರೋಮ್ಯಾಕ್ಸ್ ಹೊತ್ತರು, ಆಮೇಲೆ ಜನರೇಟರ್ ಎಳೆದರು, ಚಪ್ಪರಕ್ಕೆ ಗಳ ಹೊತ್ತರು. ಅಪ್ಪ ಜನರ ಹಿಂದೆ, ದೂರದಲ್ಲಿ ನಿಂತು ನೋಡಿ ನೋಡಿಯೇ ಎಲ್ಲ ಪದ್ಯಗಳನ್ನೂ ಕಲಿತಿದ್ದರು. ನಾಲೆಯಲ್ಲಿ ನೀರು ತಿರುಗಿಸುವಾಗ ದೇವರ ಪದ್ಯಗಳನ್ನು ಗಂಟಲು ಬಿಟ್ಟು ಹಾಡುತ್ತಿದ್ದರು. ಅಲ್ಲಿ ಕೇಳುವವರು ಯಾರೂ ಇರುತ್ತಿರಲಿಲ್ಲ, ನಾನೊಬ್ಬಳು ಇರುತ್ತಿದ್ದೆ.

ಮಳವಳ್ಳಿಯ ಕಾಲೇಜೊಂದರ ಮೇಷ್ಟ್ರು ಎಲ್ಲ ಜಾತಿ, ಎಲ್ಲ ಧರ್ಮದವರನ್ನೂ ಸೇರಿಸಿ ಹಳೆಯ ಪೌರಾಣಿಕ ನಾಟಕ ಆಡಿಸುತ್ತಾರಂತೆ, ಅದನ್ನು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ನೆಟ್ಟಿಗೆ ಹಾಕುತ್ತಾರಂತೆ ಎಂದು ಜೊತೆಯ ಕೆಲಸದವರು ಹೇಳಿದಾಗ, ಭಾನುವಾರ ಬಸ್ಸು ಹತ್ತಿ ಹೋಗಿಯೇಬಿಟ್ಟೆ. ಯಾವುದಾದರೂ ಸಖಿಯ ಪಾರ್ಟು ಸಿಕ್ಕರೆ ಸಾಕು, ಹಿಂದಿನ ಸಾಲಿನಲ್ಲಿ ನಿಂತು ಹಾಡಿ ಬರುತ್ತೇನೆ ಎಂದುಕೊಂಡಿದ್ದೆ. ಹಾರ್ಮೋನಿಯಂ ಮುಂದೆ ಕುಳಿತಿದ್ದ ಡ್ರಾಮಾ ಮೇಷ್ಟ್ರು ಒಂದು ಪದ್ಯ ಹೇಳಿಸಿದರು. ಶ್ರುತಿಯನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿ ಮತ್ತೆ ಹೇಳಿಸಿದರು. ಆಮೇಲೆ ಕಾಲೇಜಿನ ಮೇಷ್ಟ್ರ ಕಡೆ ತಿರುಗಿ, "ದೇವ್ರು ಸಿಕ್ತು ಕಣಪ್ಪ, ಇನ್ನು ಉಡುಕ್ಬೇಡಿ" ಎಂದರು.

ಸಂತೋಷ ಆಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿ ಪಕ್ಕ ಕುಳಿತು ಅಪ್ಪನನ್ನು ನೆನೆಸಿಕೊಂಡು ಅತ್ತೆ. ಮಂಡ್ಯ ಬರುವಷ್ಟರಲ್ಲಿ ಇನ್ನೊಂದು ಲೆಕ್ಕ ಹೊಳೆದಿತ್ತು. ಹಿಂದಿನ ಸಾಲಿನ ಸಖಿಯನ್ನು ಯಾರೂ ಗುರುತು ಹಿಡಿಯುವುದಿಲ್ಲ. ದೇವರನ್ನು ಎಲ್ಲರೂ ನೋಡುತ್ತಾರೆ.

ತಾಲೀಮು ಮುಗಿಯುವ ಹೊತ್ತಿಗೆ ಕಾಲೇಜಿನ ಮೇಷ್ಟ್ರು ಹೊಸ ವಿಚಾರ ತೆಗೆದರು. ನಾಟಕ ಶುರುವಾಗುವ ಮುಂಚೆ, ಚಿತ್ರದ ಮೊದಲಲ್ಲೇ, ಒಬ್ಬೊಬ್ಬ ಪಾತ್ರಧಾರಿಯೂ ಕ್ಯಾಮೆರಾದ ಮುಂದೆ ನಿಂತು ತಾನು ಯಾರು, ಯಾವ ಊರು, ಯಾವ ಬೀದಿ ಎಂದು ತಾನೇ ಹೇಳಬೇಕು. "ಇಷ್ಟು ಕಾಲ ಈ ನಾಟಕಗಳಲ್ಲಿ ಯಾರು ಇರ್ಲಿಲ್ಲ ಅಂತ ನೋಡೋರಿಗೆ ಗೊತ್ತಾಗ್ಬೇಕು ಮೇಡಂ. ಇದು ಪ್ರಾತಿನಿಧ್ಯದ ಪ್ರಶ್ನೆ" ಎಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಒಳ್ಳೆಯವರು. ಆದರೆ ಅವರು ಇದ್ದದ್ದು ಸ್ವಂತ ಮನೆಯಲ್ಲಿ.

ನಾನು ಆಗುವುದಿಲ್ಲ ಎಂದೆ. ಅವರು ಬಲವಂತ ಮಾಡಲಿಲ್ಲ, ಪಕ್ಕಕ್ಕೆ ಕೂರಿಸಿದರು. ರಾಜನ ಪಾರ್ಟಿನವರು ಮೊದಲು ಬಂದರು. ಮದ್ದೂರಿನಲ್ಲಿ ಗಾಡಿ ರಿಪೇರಿ ಮಾಡುವ ಸಾಬರು. ಎಣ್ಣೆ ಮಸಿಯ ಕೈಗಳನ್ನು ಮುಂದಕ್ಕೆ ಹಿಡಿದು, "ನಮ್ಮ ಮನೇಲಿ ನಮಾಜು, ಇಲ್ಲಿ ರಾಜ್ಯಭಾರ" ಎಂದು ನಕ್ಕರು. ಎಲ್ಲರೂ ನಕ್ಕರು. ಅವರ ಹಿಂದೆ ಒಬ್ಬೊಬ್ಬರೇ ಬಂದು ಹೇಳಿ ಹೋದರು. ಕುಳಿತು ನೋಡುತ್ತಾ ನೋಡುತ್ತಾ ನನ್ನ ಮೇಲೆ ನನಗೇ ಸಿಟ್ಟು ಏರಿತು. ಸಿಟ್ಟು ಏರಿದರೆ ನನಗೆ ಹಿಂದು ಮುಂದು ಕಾಣುವುದಿಲ್ಲ. ಎದ್ದು ಹೋಗಿ ಕ್ಯಾಮೆರಾ ಎದುರು, ಕರಿ ಪರದೆಯ ಮುಂದೆ ನಿಂತು ಹೇಳಿದೆ: "ನಾನು ಬೆಸಗರಹಳ್ಳಿ ಹತ್ತಿರದ ಊರಿನ ದಲಿತರ ಕೇರಿಯವಳು. ನಮ್ಮೂರ ಗುಡಿಯ ಒಳಗೆ ಇವತ್ತಿಗೂ ಕಾಲಿಟ್ಟಿಲ್ಲ. ಈ ನಾಟಕದಲ್ಲಿ ದೇವರ ಪಾರ್ಟು ನನ್ನದು."

ಯಾರೋ ಚಪ್ಪಾಳೆ ಹೊಡೆದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ. ಸಂಜೆ ಬಸ್ಸು ಹತ್ತುವ ಮುಂಚೆಯೇ ಮೇಷ್ಟ್ರ ಹಿಂದೆ ಬಿದ್ದೆ, ಸಾರ್ ನಂದೊಂದು ತೆಗೆದುಬಿಡಿ, ಮನೆ ಹೋಗುತ್ತದೆ ಎಂದು. "ಎಡಿಟಿಂಗಲ್ಲಿ ನೋಡೋಣ ಮೇಡಂ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅಲ್ಲಿಂದ ಮುಂದೆ ಫೋನ್ ಮಾಡಿದಾಗೆಲ್ಲ ಅದೇ ಉತ್ತರ.

ಮನೆಯಲ್ಲಿ ನಾನು ನಾಟಕದ ಸುದ್ದಿಯನ್ನೇ ಎತ್ತಿರಲಿಲ್ಲ. ಭಾನುವಾರ ತರಬೇತಿ ಇದೆ ಎಂದು ಹೇಳಿ ಹೋಗುತ್ತಿದ್ದೆ. ಆದರೆ ನಾನು ಪದ್ಯ ಉರು ಹೊಡೆಯುವುದನ್ನು ಕೇಳಿಸಿಕೊಂಡಿದ್ದ ಮಗಳಿಗೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಬೇಕಲ್ಲ. ಒಂದು ಸಂಜೆ ಗೇಟು ತೆಗೆಯುತ್ತಿದ್ದ ಹಾಗೆಯೇ ಯಜಮಾನಿಯಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದರು. ನಾನು ಗೇಟಿನಲ್ಲೇ ನಿಂತೆ.

"ಏನಮ್ಮ, ನಮ್ಮನೆ ಮಹಡಿ ಮ್ಯಾಲೆ ದೇವ್ರೇ ಬಾಡ್ಗೆಗವ್ನೆ, ನಂಗೆ ಒಂದ್ ಮಾತು ಯೋಳ್ಲಿಲ್ವಲ್ಲ ನೀನು" ಎಂದರು. ಮುಖ ಅರಳಿತ್ತು. ಪೌರಾಣಿಕ ನಾಟಕ ಎಂದರೆ ಅವರಿಗೆ ಪ್ರಾಣ, ಚಿಕ್ಕಂದಿನಿಂದ ದುದ್ದದಲ್ಲಿ ನೋಡಿ ಬೆಳೆದವರು. ದೇವರ ಪಾರ್ಟು ಅವರ ಚಿಕ್ಕಪ್ಪನದೇ ಆಗಿತ್ತಂತೆ. "ಯಾವತ್ತು ನಾಟ್ಕ? ನಾನು ಬತ್ತೀನಿ. ಆರತಿ ನಾನೇ ಎತ್ತೋದು, ಇನ್ಯಾರ್ಗೂ ಬುಡ್ಬೇಡ."

ಆರತಿಯ ವಿಷಯ ನಾನು ಮರೆತೇಬಿಟ್ಟಿದ್ದೆ. ನಮ್ಮ ಸೀಮೆಯಲ್ಲಿ ದೇವರ ಪಾರ್ಟು ಮೊದಲ ಸಲ ರಂಗಕ್ಕೆ ಬಂದಾಗ ನಾಟಕ ನಿಲ್ಲುತ್ತದೆ. ಹಿರಿಯರು ತಟ್ಟೆಯಲ್ಲಿ ದೀಪ ಇಟ್ಟುಕೊಂಡು ಮೇಲೆ ಹತ್ತಿ ಬಂದು ಆರತಿ ಬೆಳಗಿ, ಕಾಯಿ ಒಡೆದು, ಪಾತ್ರಧಾರಿಯ ಕಾಲಿಗೆ ಅಡ್ಡ ಬೀಳುತ್ತಾರೆ. ಅಷ್ಟು ಹೊತ್ತೂ ಹಾರ್ಮೋನಿಯಂ ಒಂದೇ ಸ್ವರ ಹಿಡಿದುಕೊಂಡಿರುತ್ತದೆ. ಕ್ಯಾಮೆರಾ ಅದನ್ನೂ ಹಿಡಿಯುತ್ತದೆ. ಮೊದಲು ನಾನು ಕೇರಿಯ ಹೆಸರು ಹೇಳುವುದು, ಸ್ವಲ್ಪ ಹೊತ್ತಿಗೆ ದುದ್ದದ ದೊಡ್ಡ ಮನೆಯ ಹೆಣ್ಣುಮಗಳು ನನ್ನ ಕಾಲಿಗೆ ಬೀಳುವುದು, ಎರಡೂ ಒಂದೇ ಚಿತ್ರದಲ್ಲಿ. ಅದನ್ನು ಅವರ ನೆಂಟರು ನೋಡುತ್ತಾರೆ, ಅವರ ಊರು ನೋಡುತ್ತದೆ. ಬರಿ ಮನೆ ಬಿಡಿಸಿ ಅಷ್ಟಕ್ಕೇ ಬಿಟ್ಟರೆ ಪುಣ್ಯ ಎನ್ನಿಸುವಂಥ ಏನೇನೋ ಯೋಚನೆಗಳು ಬಂದವು. "ಮದ್ದೂರು ದೂರ ಅಲ್ವ ಅಮ್ಮ, ಬಿಸಿಲು ಬೇರೆ" ಎಂದೆ. "ಟ್ರೇನೈತೆ ಕಣಮ್ಮ" ಎಂದರು.

ನಾಟಕ ಮದ್ದೂರಿನಲ್ಲಿ, ಕ್ಯಾಮೆರಾದವರಿಗೆ ಅನುಕೂಲ ಎಂದು ಹಗಲು ಹೊತ್ತಿನಲ್ಲಿ. ಹಗಲು ನಾಟಕ ಎಂದರೆ ಹಗಲು ಮದುವೆಗೆ ಹಿಲಾಲು ಹಚ್ಚಿದ ಹಾಗೆ ಎಂದು ಡ್ರಾಮಾ ಮೇಷ್ಟ್ರು ಬೆಳಗಿನಿಂದ ಗೊಣಗುತ್ತಿದ್ದರು. ಬಣ್ಣ ಹಚ್ಚುವವರು ನನ್ನ ಕೈ, ಕಾಲು, ಮುಖಕ್ಕೆಲ್ಲ ಮೊದಲು ಬಿಳಿ ಬಳಿದು, ಅದರ ಮೇಲೆ ನೀಲಿ ಬಳಿದರು. ದೇವರು ಕಪ್ಪು ಎಂದು ಪದ್ಯದಲ್ಲೇ ಇದೆ, ನಾನೂ ಕಪ್ಪು, ಹೀಗಿರುವಾಗ ನಡುವೆ ಈ ಬಿಳಿ ಯಾಕೆ ಎಂದು ಕೇಳಿದೆ. "ಅಂಗೆ ಬಳ್ಯೋದು ಕಣಕ್ಕ, ಇಲ್ದಿದ್ರೆ ಕ್ಯಾಮ್ರಾದಲ್ಲಿ ದೇವ್ರು ಅನ್ಸಲ್ಲ" ಎಂದರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅಂದು, ಇನ್ನೂ ದಪ್ಪ ಬಳಿಯಪ್ಪ, ಯಾರಿಗೂ ಗುರುತು ಸಿಗದ ಹಾಗೆ ಬಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ತೆರೆ ಮೇಲೆದ್ದಿತು. ಬೆಳಕು ಕಣ್ಣಿಗೆ ಹೊಡೆದು ಎದುರಿಗೆ ಏನೂ ಕಾಣಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರ ದೀಪ ಕಂಡಿತು. ರೇಷ್ಮೆ ಸೀರೆ ಉಟ್ಟುಕೊಂಡು, ತಟ್ಟೆ ಹಿಡಿದುಕೊಂಡು ಯಜಮಾನಿಯಮ್ಮ ಹತ್ತಿ ಬಂದರು. ಮಂಡಿ ನೋವಿನವರು, ಒಂದೊಂದು ಮೆಟ್ಟಿಲಿಗೂ ನಿಂತು ಬಂದರು. ಆರತಿ ಬೆಳಗಿದರು. ಆಗ ಅವರು ನನ್ನ ಮುಖ ನೋಡಿದ ರೀತಿಯನ್ನು ಹೇಗೆ ಹೇಳಲಿ, ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ತಟ್ಟೆ ಕೆಳಗಿಟ್ಟು ಬಗ್ಗಿದರು.

ನಾನು ಹಿಂದಕ್ಕೆ ಸರಿದೆ.

ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗೇ ಸರಿಯಿತು. ಬಡ್ಡಿಮಗಂದು ಈ ಕಾಲು, ನಮ್ಮ ಅವ್ವನ ಕಾಲಿನ ಹಾಗೆಯೇ. ಅವರ ಕೈ ಬರಿ ಹಲಗೆಯ ಮೇಲೆ ಬಿತ್ತು. ಜನ ಗೊಳ್ಳೆಂದರು. ಯಾರೋ "ದೇವ್ರು ಎದ್ರುಕೊಂಡ ಕಣ್ಲಾ" ಎಂದು ಕೂಗಿದರು. ಇನ್ನೊಂದು ಹೆಜ್ಜೆ ಸರಿದೆ, ಬೆನ್ನಿಗೆ ಕಾಡಿನ ಚಿತ್ರ ಬರೆದ ಪರದೆ ತಗುಲಿತು, ಇನ್ನು ಹೋಗಲು ಜಾಗ ಇರಲಿಲ್ಲ. ಯಜಮಾನಿಯಮ್ಮ ನೋವಿನ ಮಂಡಿಯ ಮೇಲೆಯೇ ತೆವಳಿಕೊಂಡು ಬಂದು, ನನ್ನ ಎರಡೂ ಕಾಲು ಹಿಡಿದು ಹಣೆ ಇಟ್ಟರು. ಎದ್ದಾಗ ಅವರ ಹಣೆಯ ಮೇಲೆ ನನ್ನ ಕಾಲಿನ ನೀಲಿ ಇತ್ತು. ಆಮೇಲೆ ಪದ್ಯ ಹೇಗೆ ಹಾಡಿದೆನೋ ಗೊತ್ತಿಲ್ಲ. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಚಿತ್ರ ನೆಟ್ಟಿಗೆ ಬರಲು ತಿಂಗಳುಗಳಾದವು. ಅಷ್ಟು ದಿನವೂ ಫೋನು ಗುಣುಗುಟ್ಟಿದರೆ ಮೇಷ್ಟ್ರ ಹೆಸರು ಇದೆಯೇ ಎಂದು ಮೊದಲು ನೋಡುತ್ತಿದ್ದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರಿಂದ ಮೆಸೇಜು ಬಂತು, ನಾಟಕ ಹಾಕಿದ್ದೇವೆ ಎಂದು. ನಾನು ತೆರೆದು ನೋಡುವ ಮುಂಚೆಯೇ ಕೆಳಗಿನಿಂದ ಕರೆ ಬಂತು. ಮಗಳು ಆಗಲೇ ಯಜಮಾನಿಯಮ್ಮನ ದೊಡ್ಡ ಟಿವಿಗೆ ಫೋನು ಜೋಡಿಸಿ ಕೊಟ್ಟಿದ್ದಳು. ದುದ್ದದಿಂದ ಅವರ ತಮ್ಮನೂ ತಮ್ಮನ ಹೆಂಡತಿಯೂ ಬಂದಿದ್ದರು, ಅಕ್ಕ ಆರತಿ ಎತ್ತಿದ್ದನ್ನು ನೋಡಲು. ನನಗೆ ಸೋಫಾದಲ್ಲಿ ನಡುವೆ ಜಾಗ ಬಿಟ್ಟಿದ್ದರು.

ಓಡಿಹೋಗಬೇಕು ಅನ್ನಿಸಿತು. ತಲೆನೋವು ಎಂದು ಹೇಳೋಣ ಎನ್ನುವಷ್ಟರಲ್ಲಿ ಮಗಳು ಕೈ ಹಿಡಿದು ಎಳೆದಳು. ಕುಳಿತೆ. ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು, ಅಜ್ಜಿ ಅವಳ ಕೂದಲಲ್ಲಿ ಬೆರಳಾಡಿಸುತ್ತಿದ್ದರು. ಪರದೆಯ ಮೇಲೆ ಮದ್ದೂರಿನ ಸಾಬರು ಬಂದು ನಮಾಜು, ರಾಜ್ಯಭಾರ ಎಂದು ನಕ್ಕರು. ಅಂದರೆ ಪರಿಚಯದ ಭಾಗ ಇಟ್ಟಿದ್ದಾರೆ. ನನ್ನದು ತೆಗೆದಿದ್ದಾರೆ, ಖಂಡಿತ ತೆಗೆದಿದ್ದಾರೆ ಎಂದು ಮನಸ್ಸಿನಲ್ಲೇ ಜಪ ಮಾಡಿದೆ. ರಾಣಿಯ ಪಾರ್ಟಿನವರು ಬಂದರು. ಸೇನಾಪತಿಯವರು ಬಂದರು. ಆಮೇಲೆ ನಾನು ಬಂದೆ.

ತೆಗೆದಿರಲಿಲ್ಲ. ಒಂದಕ್ಷರವನ್ನೂ ತೆಗೆದಿರಲಿಲ್ಲ. ಟಿವಿಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು, ಊರು, ಕೇರಿ, ಗುಡಿ ಎಲ್ಲ. ನಾನು ಪರದೆ ನೋಡಲಿಲ್ಲ, ಮಗಳ ತಲೆಯ ಮೇಲಿದ್ದ ಆ ಕೈ ನೋಡುತ್ತಿದ್ದೆ. ಬೆರಳು ನಿಂತುಹೋದವು. ಕೈ ಎತ್ತಲಿಲ್ಲ, ಆಡಿಸಲೂ ಇಲ್ಲ, ಹಾಗೆಯೇ ಇತ್ತು. ಅಕ್ಕನ ಕಡೆ ತಮ್ಮ ನೋಡಿದರು, ಅಕ್ಕ ಟಿವಿಯನ್ನೇ ನೋಡುತ್ತಿದ್ದರು. ಯಾರೂ ಅದನ್ನು ನಿಲ್ಲಿಸಲಿಲ್ಲ. ನಾಟಕ ಶುರುವಾಯಿತು, ತೆರೆ ಎದ್ದಿತು, ದೀಪ ಬಂತು. ನೀಲಿ ದೇವರು ಹಿಂದೆ ಹಿಂದೆ ಸರಿಯಿತು, ಮುದುಕಿಯೊಬ್ಬರು ಮಂಡಿಯ ಮೇಲೆ ಅದರ ಹಿಂದೆಯೇ ಹೋದರು. ಕ್ಯಾಮೆರಾದವನು ಹತ್ತಿರ ಹೋಗಿ ಆ ಹಣೆಯನ್ನು ಟಿವಿ ತುಂಬ ತೋರಿಸಿದ್ದ.

"ಅಕ್ಕ," ಎಂದರು ತಮ್ಮ, "ಅವಳ್ ಕಾಲಿನ್ ಬಣ್ಣ ನಿನ್ನ ಅಣೆ ಮ್ಯಾಲದೆ ನೋಡು."

ಯಜಮಾನಿಯಮ್ಮ ತಿರುಗಲಿಲ್ಲ. "ಅವಳ್ ಕಾಲಲ್ಲ ಕಣ್ಲಾ ಅದು, ದೇವ್ರ ಕಾಲು. ಬಣ್ಣ ಅಚ್ಕಂಡು ನಿಂತ್ಮೇಲೆ ಮನ್ಸರು ಎಲ್ಲವ್ರೆ ಅಲ್ಲಿ? ನಾನು ಬಿದ್ದಿದ್ದು ದೇವ್ರಿಗೆ" ಎಂದರು.

ಕೋಲೂ ಮುರಿಯಲಿಲ್ಲ, ಹಾವೂ ಸತ್ತಿತು. ತಮ್ಮನ ಮುಖ ಸಡಿಲವಾಯಿತು. "ಅದೂ ಸರಿನೇ ಬುಡು" ಎಂದು ಕಾಲು ಚಾಚಿದರು. ತಮ್ಮನ ಹೆಂಡತಿ ಕಾಫಿಗೆ ಇಡುತ್ತೇನೆ ಎಂದು ಎದ್ದರು. ನಾನು ಉಳಿದುಕೊಂಡೆ ಎಂದು ನನಗೆ ಗೊತ್ತಾಯಿತು. ಮನೆ ಉಳಿಯಿತು, ಮಗಳ ಕಟ್ಟೆ ಉಳಿಯಿತು. ನಾನು ಮಾಡಬೇಕಾಗಿದ್ದದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುವುದು. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದೆ.

ಯಾಕೋ ಆಗಲಿಲ್ಲ. ಧೈರ್ಯ ಬಂತು ಎಂದರೆ ಸುಳ್ಳು. "ಕಾಲು ನಂದೇ ಅಮ್ಮ" ಎಂದೆ. "ನೀವು ಹಿಡಿದಿದ್ದು ನನ್ನ ಕಾಲೇ."

ಚಾಚಿದ್ದ ಕಾಲನ್ನು ತಮ್ಮ ಎಳೆದುಕೊಂಡರು. ಅಕ್ಕ ಇಲ್ಲ ಎನ್ನಲಿ ಎಂದು ಸ್ವಲ್ಪ ಹೊತ್ತು ಕಾದರು. ಅಕ್ಕ ಟಿವಿಯ ರಿಮೋಟು ಕೈಗೆತ್ತಿಕೊಂಡರು. ಅವರು ಎದ್ದು, ಹೆಂಡತಿಯನ್ನು ಅಡುಗೆಮನೆಯಿಂದ ಕರೆದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ನಾನೇ ಓಡಿ ಹೋಗಿ ಆರಿಸಿದೆ. ವಾಪಸ್ಸು ಬಂದಾಗ ಯಜಮಾನಿಯಮ್ಮ ಟಿವಿ ಆರಿಸಿದ್ದರು. ಮಗಳಿಗೆ ನಿದ್ದೆ ಬಂದುಬಿಟ್ಟಿತ್ತು, ಅವಳ ತಲೆ ಇನ್ನೂ ಅವರ ತೊಡೆಯ ಮೇಲೆಯೇ ಇತ್ತು.

"ಬಾಯ್ ಮುಚ್ಕಂಡಿದ್ರೆ ಆಯ್ತಿತ್ತಲ್ಲಮ್ಮ. ಉಳ್ಸಿದ್ನಲ್ಲ ನಿನ್ನ" ಎಂದರು.

"ಮನೆ ಯಾವಾಗ ಖಾಲಿ ಮಾಡ್ಲಿ ಅಮ್ಮ?"

"ಖಾಲಿ ಮಾಡ್ಸುದ್ರೆ ನಾನು ಬಿದ್ದಿದ್ದು ತಪ್ಪು ಅಂತ ನಾನೇ ಒಪ್ಕಂಡಂಗಾಯ್ತದೆ. ಇರು." ಆಮೇಲೆ ಬಾಗಿಲ ಕಡೆ, ತಮ್ಮ ಹೋದ ಕಡೆ ನೋಡಿದರು. "ನಾಳಿಂದ ಇಡೀ ದುದ್ದ ಫೋನ್ ಮಾಡ್ತದೆ. ಯಾವ್ ಮದ್ವೆಗೋದ್ರೂ ಇದೇ ಮಾತು. ಯಾರ್ ಏನ್ ಕೇಳ್ತಾರೋ, ಏನ್ ಯೋಳ್ಬೇಕೋ. ನಂಗೆ ಎದ್ರಿಕೆ ಆಯ್ತದೆ ಕಣಮ್ಮ."

ಇಷ್ಟು ವರ್ಷ ನಾನು ಹೆದರಿಕೊಂಡು ಬದುಕಿದ್ದ ಹೆಂಗಸಿನ ಪಕ್ಕದಲ್ಲಿ ಕುಳಿತೆ.

"ರೂಢಿ ಆಯ್ತದೆ ಬುಡಿ ಅಮ್ಮ" ಎಂದೆ.